ಮನೆಮಾತಿನ ಲೆಕ್ಕ ಮತ್ತು ಇಂಗ್ಲಿಷಿನ ಮೋಹ

ಕರಾವಳಿಯ ಮುಸ್ಲಿಮರ ಶಿಕ್ಷಣದ ಬಗ್ಗೆ ಎಲ್ಲಿ ಸಭೆ ನಡೆದರೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ನಮ್ಮ ಮಕ್ಕಳು ಹಿಂದೆ ಬೀಳುವುದಕ್ಕೆ ಇಂಗ್ಲಿಷ್ ಬಾರದಿರುವುದೇ ಕಾರಣ, ಇಂಗ್ಲಿಷ್ ಬಾರದಿರುವುದಕ್ಕೆ ಮನೆಯ ವಾತಾವರಣವೇ ಕಾರಣ ಎಂಬುದು ಆ ಮಾತು. ಮನೆಯ ವಾತಾವರಣವೆಂದರೆ ಏನೆಂದು ಸ್ವಲ್ಪ ಕೆದಕಿದರೆ, ಆರೋಪ ಕೊನೆಗೆ ಬಂದು ನಿಲ್ಲುವುದು ಉಮ್ಮಂದಿರ ಮೇಲೆ. ಅವರು ಮಕ್ಕಳೊಂದಿಗೆ ಬ್ಯಾರಿ ಮಾತಾಡುತ್ತಾರೆ, ನವಾಯತಿ ಮಾತಾಡುತ್ತಾರೆ, ದಖ್ಖನಿ ಮಾತಾಡುತ್ತಾರೆ. ಹಾಗಾಗಿ ಮಕ್ಕಳಿಗೆ ಇಂಗ್ಲಿಷ್ ಹತ್ತುವುದಿಲ್ಲ! ವೇದಿಕೆಯ ಮೇಲಿರುವವರು ಇದನ್ನು ಬಹಳ ಕಾಳಜಿಯಿಂದಲೇ ಹೇಳುತ್ತಾರೆ. ಕೆಳಗೆ ಕುಳಿತ ತಾಯಂದಿರು ತಪ್ಪಿತಸ್ಥರಂತೆ ತಲೆ ತಗ್ಗಿಸುತ್ತಾರೆ.

ಈ ಮಾತು ಎಷ್ಟು ನಿಜ ಎಂದು ಯಾರೂ ಕೇಳುತ್ತಿಲ್ಲ. ಕೇಳುವ ಅಗತ್ಯವಿದೆ ಎಂದು ನಮಗನಿಸುತ್ತದೆ. ಮನೆಯಲ್ಲಿ ಆಡುವ ಮಾತಿಗೂ ಇಂಗ್ಲಿಷ್ ಬರುವುದಕ್ಕೂ ಇರುವ ಸಂಬಂಧವನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಂಡರೆ, ಇಂಗ್ಲಿಷೂ ದಕ್ಕದೆ ಮನೆಮಾತೂ ಉಳಿಯದೆ ಒಂದು ತಲೆಮಾರು ನಡುವೆ ನಿಂತುಬಿಡುತ್ತದೆ.

ಲೆಕ್ಕಕ್ಕೆ ಸಿಗದ ಮಾತು

ಮೊದಲು, ನಮ್ಮ ಮನೆಗಳಲ್ಲಿ ಯಾವ ಭಾಷೆ ಇದೆ ಎಂಬುದನ್ನು ಸರಕಾರ ಹೇಗೆ ತಿಳಿದುಕೊಳ್ಳುತ್ತದೆ ಎಂದು ನೋಡೋಣ. ಅಮೆರಿಕದ ಜನಗಣತಿ ಸಂಸ್ಥೆ 1980ರಿಂದ ಒಂದು ನೇರ ಪ್ರಶ್ನೆ ಕೇಳುತ್ತಾ ಬಂದಿದೆ: ಈ ವ್ಯಕ್ತಿ ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಬೇರೆ ಭಾಷೆ ಮಾತಾಡುತ್ತಾರೆಯೇ, ಯಾವುದು, ಇಂಗ್ಲಿಷನ್ನು ಎಷ್ಟು ಚೆನ್ನಾಗಿ ಮಾತಾಡುತ್ತಾರೆ? ನಮ್ಮ ಜನಗಣತಿ ಹೀಗೆ ಕೇಳುವುದಿಲ್ಲ. ಅದು ಕೇಳುವುದು ಮಾತೃಭಾಷೆಯನ್ನು. ಗಣತಿದಾರರ ಕೈಪಿಡಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಂದಿಗೆ ಆಡಿದ ಭಾಷೆ. ಇವತ್ತು ಆ ಮನೆಯ ಊಟದ ಹೊತ್ತಿನಲ್ಲಿ ಯಾವ ಮಾತು ನಡೆಯುತ್ತಿದೆ ಎಂಬುದು ಅದಕ್ಕೆ ಬೇಕಿಲ್ಲ. ಅಜ್ಜಿ ಬ್ಯಾರಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರಿಸುವ ಮನೆ, ಎಲ್ಲರೂ ಬ್ಯಾರಿಯಲ್ಲೇ ಮಾತಾಡುವ ಮನೆ, ಎರಡೂ ಆ ಕಾಗದದಲ್ಲಿ ಒಂದೇ ಥರ ಕಾಣಬಹುದು.

ಮಾತೃಭಾಷೆಯ ಜತೆಗೆ ತಿಳಿದಿರುವ ಬೇರೆ ಭಾಷೆಗಳನ್ನೂ ಬರೆಸಬಹುದು. ಆದರೆ ಎರಡು ಮಾತ್ರ. ಈಗ ಪುತ್ತೂರು ಅಥವಾ ಬಂಟ್ವಾಳದ ಕಡೆಯ ಹತ್ತು ವರ್ಷದ ಒಂದು ಮಗುವನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಬ್ಯಾರಿ. ಅಂಗಳ ದಾಟಿದರೆ ತುಳು. ಬಸ್ಸಿನ ಬೋರ್ಡು, ಪಂಚಾಯತ್ ಕಚೇರಿ, ಪತ್ರಿಕೆ ಎಲ್ಲ ಕನ್ನಡ. ಬೆಳಗಿನ ಮದ್ರಸದಲ್ಲಿ ಕುರ್‌ಆನಿನ ಅರಬಿ. ಕರಾವಳಿಯ ಅನೇಕ ಮದ್ರಸಗಳಲ್ಲಿ ಬಹುಕಾಲ ಅದರ ಜತೆಗೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ ಪಠ್ಯವೂ ಇತ್ತು. ಶಾಲೆಯಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ. ಈ ಮಗುವಿನ ಆರೇಳು ಭಾಷೆಗಳಲ್ಲಿ ಮೂರಕ್ಕೆ ಮಾತ್ರ ಜನಗಣತಿಯಲ್ಲಿ ಜಾಗ. ಉಳಿದವನ್ನು ಬಿಡಬೇಕು. ಬಿಟ್ಟುಹೋಗುವುದು ಯಾವುದು? ಸಾಮಾನ್ಯವಾಗಿ ಸರ್ಟಿಫಿಕೇಟ್ ಇಲ್ಲದ್ದು, ಶಾಲೆಯಲ್ಲಿ ಕಲಿಸದ್ದು, ಹೇಳಿದರೆ ಎದುರಿನವರು ಅದು ಯಾವ ಭಾಷೆ ಎಂದು ಕೇಳುವಂಥದ್ದು.

ಹೀಗೆ ಬಿಟ್ಟುಹೋದುದರ ಪರಿಣಾಮ ಅಂಕಿ ಅಂಶಗಳಲ್ಲಿ ಕಾಣುತ್ತದೆ. 2011ರ ಜನಗಣತಿಯಲ್ಲಿ ದೇಶದ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಅವುಗಳನ್ನು ಸೋಸಿ 1,369 ಮಾತೃಭಾಷೆಗಳನ್ನು ಗುರುತಿಸಲಾಯಿತು. ಕೊನೆಗೆ ಪಟ್ಟಿಯಲ್ಲಿ ಉಳಿದ ಭಾಷೆಗಳು 121. ಈ 121ರಲ್ಲಿ ತುಳು ಇದೆ, ಕೊಡವ ಇದೆ, ಕೊಂಕಣಿ ಇದೆ. ಬ್ಯಾರಿ ಇಲ್ಲ, ನವಾಯತಿ ಇಲ್ಲ, ದಖ್ಖನಿಯೂ ಇಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆಯಲ್ಲಿ ಮುಸ್ಲಿಮರು ನೂರಕ್ಕೆ 24ರಷ್ಟಿದ್ದಾರೆ. ಅವರಲ್ಲಿ ಬಹುಪಾಲು ಜನರ ಮನೆಮಾತಿಗೆ ದೇಶದ ಭಾಷಾ ಪಟ್ಟಿಯಲ್ಲಿ ಸ್ವಂತದ ಒಂದು ಸಾಲೂ ಇಲ್ಲ.

ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಅದೇ 2011ರಲ್ಲಿ ಕರ್ನಾಟಕದ ಮುಸ್ಲಿಮರ ಸಂಖ್ಯೆ ಸುಮಾರು 78.9 ಲಕ್ಷ, ಉರ್ದುವನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 66.2 ಲಕ್ಷ. ಕರ್ನಾಟಕದ ಮುಸ್ಲಿಮರೆಂದರೆ ಉರ್ದು ಮಾತಾಡುವವರು ಎಂದು ಸಲೀಸಾಗಿ ಹೇಳುವವರು ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ನೋಡುವುದಿಲ್ಲ. ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಆ ಅಂತರದಲ್ಲಿ ಕರಾವಳಿಯ ಬ್ಯಾರಿಗಳಿದ್ದಾರೆ, ಭಟ್ಕಳದ ನವಾಯತರಿದ್ದಾರೆ, ಮಲಯಾಳಂ ಆಡುವವರಿದ್ದಾರೆ, ಕನ್ನಡವನ್ನೇ ಮನೆಮಾತಾಗಿ ಉಳ್ಳ ನದಾಫ್-ಪಿಂಜಾರರಿದ್ದಾರೆ. ಮುಸ್ಲಿಂ ಎಂದರೆ ಉರ್ದು ಎಂಬ ಸಮೀಕರಣವನ್ನು ಹೊರಗಿನವರು ಮಾತ್ರ ಮಾಡಿದ್ದಲ್ಲ. ನಮ್ಮ ಸಂಘಟನೆಗಳೂ ಅದನ್ನು ಒಪ್ಪಿಕೊಂಡು, ಸಮುದಾಯದ ಭಾಷಾ ಬೇಡಿಕೆ ಎಂದರೆ ಉರ್ದು ಶಾಲೆಯ ಬೇಡಿಕೆ ಎಂದೇ ಬಹುಕಾಲ ನಡೆದುಕೊಂಡಿವೆ.

ಉರ್ದು ಎಂದು ಬರೆಸಿದ 66 ಲಕ್ಷ ಜನರ ಮನೆಯೊಳಗಾದರೂ ಪಠ್ಯಪುಸ್ತಕದ ಉರ್ದು ಇದೆಯೇ? ಹಾಸನ, ಮೈಸೂರು, ಕಲಬುರಗಿ, ವಿಜಯಪುರದ ಮನೆಗಳಲ್ಲಿ ಕೇಳುವುದು ದಖ್ಖನಿ. ಅಲ್ಲಿ ಮಗು ಬೇಡವೆನ್ನಲು 'ನಕ್ಕೋ' ಎನ್ನುತ್ತದೆ, ಯಾಕೆ ಎನ್ನಲು 'ಕಾಯ್ಕು' ಎನ್ನುತ್ತದೆ. ಉರ್ದು ಶಾಲೆಗೆ ಹೋದ ಮೊದಲ ವಾರವೇ ಅದು ತಪ್ಪು ಉರ್ದು ಎಂದು ಮೇಷ್ಟ್ರು ತಿದ್ದುತ್ತಾರೆ. ಉತ್ತರದ ಉರ್ದು ಇನ್ನೂ ಸಾಹಿತ್ಯದ ಭಾಷೆಯಾಗಿ ತಲೆಯೆತ್ತುವ ಮೊದಲೇ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ್ ತನ್ನ 'ಕಿತಾಬ್-ಎ-ನೌರಸ್' ಕೃತಿಯನ್ನು ಇದೇ ದಖ್ಖನಿಯಲ್ಲಿ ಬರೆದಿದ್ದ ಎಂಬುದು ಆ ತರಗತಿಯಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಮಗುವಿಗೆ ಸಿಗುವ ಮೊದಲ ಪಾಠವೇ, ನಿನ್ನ ಮನೆಯ ಮಾತು ಕೊಳಕು ಎಂಬುದು.

ಅಂದರೆ ಮನೆಮಾತಿನ ಬಗೆಗಿನ ನಾಚಿಕೆ ಇಂಗ್ಲಿಷಿನಿಂದ ಶುರುವಾದದ್ದಲ್ಲ. ಬ್ಯಾರಿಯನ್ನು ಮಲಯಾಳಂನ ಒಡೆದ ರೂಪ ಎಂದವರು, ದಖ್ಖನಿಯನ್ನು ಕೆಟ್ಟ ಉರ್ದು ಎಂದವರು, ನವಾಯತಿಯನ್ನು ಬೆರಕೆ ಕೊಂಕಣಿ ಎಂದವರು ಮೊದಲೇ ಇದ್ದರು. ಇಂಗ್ಲಿಷ್ ಬಂದು ಆ ನಾಚಿಕೆಗೆ ಫೀಸು ಕಟ್ಟಿಸಿಕೊಂಡಿತು, ಅಷ್ಟೆ.

ಇಂಗ್ಲಿಷ್ ಬರುವುದೆಂದರೆ ಏನು?

ಇನ್ನು ಇಂಗ್ಲಿಷಿನ ಲೆಕ್ಕ. 2011ರಲ್ಲಿ ಇಡೀ ದೇಶದಲ್ಲಿ ಇಂಗ್ಲಿಷನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 2.6 ಲಕ್ಷ ಮಾತ್ರ. ಎರಡನೇ ಭಾಷೆ ಎಂದು ಬರೆಸಿದವರು ಸುಮಾರು 8.3 ಕೋಟಿ, ಮೂರನೆಯದೆಂದು ಬರೆಸಿದವರು 4.6 ಕೋಟಿ. ಎಲ್ಲ ಸೇರಿಸಿದರೆ ದೇಶದ ಜನಸಂಖ್ಯೆಯ ಹತ್ತನೇ ಒಂದು ಭಾಗವನ್ನು ಸ್ವಲ್ಪ ಮೀರುತ್ತದೆ. ಇದೂ ಅವರವರು ಹೇಳಿಕೊಂಡದ್ದು, ಪರೀಕ್ಷೆ ಮಾಡಿ ನೋಡಿದ್ದಲ್ಲ. ಗಣತಿದಾರರ ಎದುರು ಇಂಗ್ಲಿಷ್ ಬರುತ್ತದೆ ಎನ್ನುವುದಕ್ಕೆ ಭಾಷೆ ಎಷ್ಟು ಬೇಕೋ ಅಷ್ಟೇ ಧೈರ್ಯವೂ ಬೇಕು. ಆ ಧೈರ್ಯ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ.

ಪರೀಕ್ಷೆ ಮಾಡಿದ ಲೆಕ್ಕವೂ ಒಂದಿದೆ. ಗ್ರಾಮೀಣ ಭಾರತದ ಮಕ್ಕಳನ್ನು ಮನೆಮನೆಗೆ ಹೋಗಿ ಓದಿಸಿ ನೋಡುವ 'ಅಸರ್' ಸಮೀಕ್ಷೆಯ ಪ್ರಕಾರ, ಐದನೇ ತರಗತಿಯ ಮಕ್ಕಳಲ್ಲಿ ಇಂಗ್ಲಿಷಿನ ಸರಳ ವಾಕ್ಯಗಳನ್ನು ಓದಬಲ್ಲವರು 2016ರಲ್ಲಿ ನೂರಕ್ಕೆ 24.7, 2022ರಲ್ಲಿ 24.5. ಇದರಲ್ಲಿ ಸರಕಾರಿ ಶಾಲೆಯ ಮಕ್ಕಳೂ ಇದ್ದಾರೆ, ಖಾಸಗಿ ಶಾಲೆಯ ಮಕ್ಕಳೂ ಇದ್ದಾರೆ. ಆರು ವರ್ಷಗಳಲ್ಲಿ ಊರೂರಿಗೆ ಹಳದಿ ಬಸ್ಸುಗಳು ಬಂದವು, ಟೈ ಬೂಟುಗಳು ಬಂದವು. ಸರಳ ವಾಕ್ಯ ಓದುವ ಮಕ್ಕಳ ಪ್ರಮಾಣ ಇದ್ದಲ್ಲೇ ಇತ್ತು. ಶಾಲೆಯ ಬೋರ್ಡಿನ ಮೇಲೆ ಇಂಗ್ಲಿಷ್ ಮೀಡಿಯಂ ಎಂದು ಬರೆಸುವುದು ಬೇರೆ, ಮಗುವಿಗೆ ಇಂಗ್ಲಿಷ್ ಬರುವುದು ಬೇರೆ. ಇವೆರಡನ್ನು ಒಂದೇ ಎಂದು ತಿಳಿದದ್ದು ನಮ್ಮ ಶಿಕ್ಷಣ ಚಿಂತನೆಯ ದೊಡ್ಡ ತೊಡಕು.

ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಒಂದು ಉಪಯುಕ್ತ ವ್ಯತ್ಯಾಸವನ್ನು ತೋರಿಸಿಕೊಟ್ಟರು. ಎದುರುಬದುರು ಮಾತಾಡುವ ಭಾಷೆ ಒಂದು, ಪಾಠವನ್ನು ಅರಗಿಸಿಕೊಂಡು ವಾದ ಮಾಡುವ, ಬರೆಯುವ ಭಾಷೆ ಇನ್ನೊಂದು. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು ಎರಡು ವರ್ಷಗಳಲ್ಲಿ ಬಂದುಬಿಡುತ್ತದೆ. ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕು. ಈ ಎರಡನೆಯ ಶಕ್ತಿ ಒಂದು ಭಾಷೆಯಲ್ಲಿ ಬಲಿತರೆ ಇನ್ನೊಂದಕ್ಕೂ ನೆರವಾಗುತ್ತದೆ ಎಂಬುದು ಅವರ ವಾದ. ಅಂದರೆ, ನಡೆದ ಘಟನೆಯನ್ನು ಮೊದಲು, ನಡುವೆ, ಕೊನೆ ಎಂದು ಜೋಡಿಸಿ ಬ್ಯಾರಿಯಲ್ಲಿ ಹೇಳಬಲ್ಲ ಮಗು, ನಾಳೆ ಇಂಗ್ಲಿಷ್ ಪದಗಳು ಕೈಗೆ ಸಿಕ್ಕಾಗ ಅದೇ ಕೆಲಸವನ್ನು ಇಂಗ್ಲಿಷಿನಲ್ಲೂ ಮಾಡುತ್ತದೆ. ಯಾವ ಭಾಷೆಯಲ್ಲೂ ಒಂದು ಕಥೆಯನ್ನು ಪೂರ್ತಿ ಹೇಳಿ ಗೊತ್ತಿಲ್ಲದ ಮಗುವಿಗೆ ಪದಗಳು ಸಿಕ್ಕರೂ ಪ್ರಯೋಜನ ಕಡಿಮೆ.

ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ಎಂದು ತಾಯಂದಿರಿಗೆ ಕೊಡುವ ಉಪದೇಶ ಎಷ್ಟು ಅಪಾಯಕಾರಿ ಎಂಬುದು ಇಲ್ಲಿ ಅರ್ಥವಾಗಬೇಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ತಾಯಿಯ ಕೈಯಲ್ಲಿರುವುದು ನಾಲ್ವತ್ತೋ ಐವತ್ತೋ ಇಂಗ್ಲಿಷ್ ಪದ. ಕಮ್, ಸಿಟ್, ಈಟ್, ಗೋ, ಡೋಂಟ್ ಡೂ. ಅವಳು ಆ ಉಪದೇಶವನ್ನು ನಂಬಿದ ದಿನದಿಂದ ಮಗುವಿನೊಂದಿಗಿನ ಅವಳ ಮಾತು ಅಪ್ಪಣೆಯಷ್ಟಕ್ಕೆ ಇಳಿಯುತ್ತದೆ. ಅದೇ ತಾಯಿ ಬ್ಯಾರಿಯಲ್ಲಿ ಗದರಬಲ್ಲಳು, ನಗಿಸಬಲ್ಲಳು, ನೆಂಟರ ಮನೆಯ ಜಗಳವನ್ನು ನಾಟಕದಂತೆ ಹೇಳಬಲ್ಲಳು, ಮಗು ಸುಳ್ಳು ಹೇಳಿದಾಗ ನಾಲ್ಕು ಪ್ರಶ್ನೆ ಹಾಕಿ ಸತ್ಯ ಹೊರಡಿಸಬಲ್ಲಳು. ಈ ನಾಲ್ಕು ಪ್ರಶ್ನೆಗಳಲ್ಲಿ ಮಗು ಕಲಿಯುವ ತರ್ಕ ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಅಪ್ಪಣೆಗೆ ಆ ಐವತ್ತು ಪದ ಸಾಕು, ಸಾಂತ್ವನಕ್ಕೆ ಸಾಲದು. ಶಿಕ್ಷಣದ ಹೆಸರಿನಲ್ಲಿ ತಾಯಿಯನ್ನು ಮೂಕಿಯನ್ನಾಗಿ ಮಾಡುವುದು ಯಾವ ಪ್ರಗತಿ?

ಹೆತ್ತವರ ಆಸೆ ತಪ್ಪೇ?

ಹಾಗೆಂದು ಇಂಗ್ಲಿಷ್ ಬೇಕೆನ್ನುವ ಹೆತ್ತವರನ್ನು ಗೇಲಿ ಮಾಡುವವರ ಸಾಲಿಗೆ ನಾವು ಸೇರುವವರಲ್ಲ. ಆ ಆಸೆಯ ಹಿಂದೆ ಅನುಭವವಿದೆ. ಗಲ್ಫ್‌ಗೆ ಹೋದ ನಮ್ಮ ಊರಿನ ಜನ ಅಲ್ಲಿ ಹಿಂದಿ ಕಲಿತರು, ಮಲಯಾಳಂ ಕಲಿತರು, ಅಂಗಡಿಗೆ ಬೇಕಾದಷ್ಟು ಅರಬಿ ಕಲಿತರು. ಆದರೆ ಕೈಗೆ ಬಂದ ಕರಾರು ಪತ್ರವನ್ನು ಓದಲಾಗದೆ ಸಹಿ ಹಾಕಿದರು. ತಮಗಿಂತ ಕೆಲಸ ಕಡಿಮೆ ಗೊತ್ತಿದ್ದವನು ಇಂಗ್ಲಿಷ್ ಗೊತ್ತಿದ್ದ ಮಾತ್ರಕ್ಕೆ ಸೂಪರ್‌ವೈಸರ್ ಆದದ್ದನ್ನು ಕಂಡರು. ಅವರು ಊರಿಗೆ ಬಂದು ಮಗನನ್ನು, ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರೆ ಅದನ್ನು ಮೋಹ ಎಂದಷ್ಟೇ ಕರೆಯುವುದು ಅನ್ಯಾಯ. ಇಂಗ್ಲಿಷ್ ತಮ್ಮ ಮಕ್ಕಳಿಗೆ ಸಾಕಷ್ಟು ಕೊಡಿಸಿ, ಉಳಿದವರಿಗೆ ಮಾತೃಭಾಷೆಯ ಮಹತ್ವ ಬೋಧಿಸುವ ಜನ ಕನ್ನಡದಲ್ಲಿ ಕಡಿಮೆಯೇನಿಲ್ಲ. ಅವರ ಮಾತಿಗೆ ಬಡವರು ಕಿವಿಗೊಡದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕರ್ನಾಟಕದ ಭಾಷಾ ಮಾಧ್ಯಮದ ಇತಿಹಾಸವೂ ನಮ್ಮಂಥವರನ್ನು ಎಂದೂ ಸರಿಯಾಗಿ ಕಂಡಿಲ್ಲ. 1981ರ ಗೋಕಾಕ್ ವರದಿ, 1982ರ ಚಳವಳಿ, ಒಂದರಿಂದ ನಾಲ್ಕರ ತನಕ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದ 1994ರ ಏಪ್ರಿಲ್ 29ರ ಆದೇಶ, ಅದನ್ನು ಬದಿಗೆ ಸರಿಸಿದ 2008ರ ಹೈಕೋರ್ಟ್ ತೀರ್ಪು, ಕೊನೆಗೆ 2014ರ ಮೇ 6ರ ಸುಪ್ರೀಂ ಕೋರ್ಟ್ ಸಂವಿಧಾನ ಪೀಠದ ತೀರ್ಪು. ಈ ಮೂವತ್ತು ವರ್ಷಗಳ ವಾಗ್ವಾದದಲ್ಲಿ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್, ಪಕ್ಕದಲ್ಲಿ ಉರ್ದು, ಮರಾಠಿ, ತಮಿಳಿನಂಥ ಶಾಲೆಯುಳ್ಳ ಭಾಷೆಗಳು. ಮನೆಯಲ್ಲಿ ತುಳು, ಬ್ಯಾರಿ, ಲಂಬಾಣಿ ಆಡುವ ಮಗುವಿಗೆ ಮಾತೃಭಾಷಾ ಮಾಧ್ಯಮ ಎಂಬ ಪದದ ಅರ್ಥವೇನು? ಅವಕ್ಕೆ ಕನ್ನಡವೂ ಶಾಲೆಯಲ್ಲಿ ಕಲಿಯುವ ಭಾಷೆಯೇ. ತಾನು ಮಾತೃಭಾಷೆಯ ಪರ ಎಂದು ಹೇಳಿಕೊಂಡ ಆದೇಶಕ್ಕೆ ಈ ಮಕ್ಕಳ ಮಾತೃಭಾಷೆ ಕಂಡಿರಲಿಲ್ಲ.

ಸಂವಿಧಾನದ ಹಿನ್ನೆಲೆಯಲ್ಲಿ ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವ ಹಕ್ಕು ಹೆತ್ತವರದ್ದು ಎಂದು 2014ರ ತೀರ್ಪು ಹೇಳಿತು. ಕಾನೂನಿನ ದೃಷ್ಟಿಯಿಂದ ಇದು ಹೆತ್ತವರಿಗೆ ಸಿಕ್ಕ ಸ್ವಾತಂತ್ರ್ಯ. ಆದರೆ ಆಯ್ಕೆ ಮಾಡಲು ಎದುರಿಗೆ ಇದ್ದದ್ದೇನು? ಮಕ್ಕಳಿಲ್ಲದೆ ಸೊರಗುತ್ತಿರುವ ಸರಕಾರಿ ಕನ್ನಡ ಶಾಲೆ ಒಂದು, ಇಂಗ್ಲಿಷ್ ಸರಿಯಾಗಿ ಬಾರದ ಶಿಕ್ಷಕರಿರುವ ಅಗ್ಗದ ಇಂಗ್ಲಿಷ್ ಶಾಲೆ ಇನ್ನೊಂದು. 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅದನ್ನು ಕಲಿಸುವ ಶಿಕ್ಷಕರಿಗೆ ಬೇಕಾದ ತರಬೇತಿ ಕೊಟ್ಟು, ಕನ್ನಡ ಮಾಧ್ಯಮದಲ್ಲೇ ಒಳ್ಳೆಯ ಇಂಗ್ಲಿಷ್ ಕಲಿಸಬಹುದು ಎಂದು ಜನರಿಗೆ ತೋರಿಸಿದ್ದರೆ, ಬಹುಶಃ ಮೀಡಿಯಂ ಜಗಳವೇ ಇಷ್ಟು ಬೆಳೆಯುತ್ತಿರಲಿಲ್ಲ.

ಮನೆಮಾತು ಅಪರಾಧವಾದಾಗ

ಮನೆಯ ಭಾಷೆ ಮತ್ತು ಇಂಗ್ಲಿಷ್ ಜ್ಞಾನದ ಅಂಕಿಗಳು ರಾಜಕಾರಣಿಗಳ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿನ 2011ರ ಜನಗಣತಿ ಮುಖ್ಯ ಭಾಷೆ ಯಾವುದು, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಕೇಳಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಗ್ಲಿಷ್ ಚೆನ್ನಾಗಿ ಬಾರದವರು 7.26 ಲಕ್ಷ, ಏನೇನೂ ಬಾರದವರು 1.38 ಲಕ್ಷ ಎಂದಾಯಿತು. ಇದರಲ್ಲಿ ಎಲ್ಲ ಧರ್ಮದವರೂ, ಯುರೋಪಿನಿಂದ ಬಂದವರೂ ಇದ್ದರು. 2016ರ ಜನವರಿಯಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಮಾತಾಡಿದ್ದು ಮಾತ್ರ ಮುಸ್ಲಿಂ ಮಹಿಳೆಯರ ಬಗ್ಗೆ. ಅವರಲ್ಲಿ ನೂರಕ್ಕೆ 22 ಮಂದಿಗೆ, ಅಂದರೆ 1.9 ಲಕ್ಷ ಮಂದಿಗೆ ಇಂಗ್ಲಿಷ್ ಅಲ್ಪಸ್ವಲ್ಪ ಅಥವಾ ಏನೂ ಬರುವುದಿಲ್ಲ ಎಂದು ಹೇಳಿ, 2 ಕೋಟಿ ಪೌಂಡಿನ ತರಗತಿ ಯೋಜನೆ ಪ್ರಕಟಿಸಿದರು. ಗಂಡನ ವೀಸಾದ ಮೇಲೆ ಬಂದವರು ಭಾಷೆ ಸುಧಾರಿಸಿಕೊಳ್ಳದಿದ್ದರೆ ದೇಶದಲ್ಲಿ ಉಳಿಯುವ ಖಾತ್ರಿಯಿಲ್ಲ ಎಂಬ ಸೂಚನೆಯೂ ಜತೆಗಿತ್ತು. ಭಾಷೆ ಬಾರದಿರುವುದನ್ನು ಉಗ್ರವಾದದ ಚರ್ಚೆಯೊಂದಿಗೆ ಜೋಡಿಸಲಾಯಿತು. ಅದೇ ಸರಕಾರದ ಅವಧಿಯಲ್ಲೇ ವಲಸಿಗರಿಗೆ ಇಂಗ್ಲಿಷ್ ಕಲಿಸುವ ತರಗತಿಗಳ ಅನುದಾನ ಕಡಿತಗೊಂಡಿತ್ತು ಎಂದು ಅಲ್ಲಿನ ಟೀಕಾಕಾರರು ನೆನಪಿಸಬೇಕಾಯಿತು.

ಕಲಿಸುವ ವ್ಯವಸ್ಥೆಯನ್ನು ಕಿತ್ತುಕೊಂಡು ಕಲಿಯಲಿಲ್ಲವೆಂದು ದೂರುವುದು ಬ್ರಿಟನ್ನಿನಲ್ಲಿ ಮಾತ್ರ ನಡೆಯುವಂಥದ್ದಲ್ಲ. ನಮ್ಮ ಸಭೆಗಳಲ್ಲಿ ತಾಯಂದಿರ ಕಡೆಗೆ ಬೊಟ್ಟು ಮಾಡುವವರೂ ಅದನ್ನೇ ಮಾಡುತ್ತಿದ್ದಾರೆ. ಹೆಣ್ಣುಮಕ್ಕಳನ್ನು ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿದವರು ಯಾರು? ಮದುವೆಯ ಮಾತು ಬಂದ ಕೂಡಲೇ ಕಾಲೇಜು ಸಾಕು ಎಂದವರು ಯಾರು? ಆ ತೀರ್ಮಾನಗಳನ್ನು ಕೈಗೊಂಡಾಗ ಅವಳ ಮಾತನ್ನು ಯಾರೂ ಕೇಳಲಿಲ್ಲ. ಈಗ ಮಕ್ಕಳ ಇಂಗ್ಲಿಷಿಗೆ ಮಾತ್ರ ಅವಳೇ ಹೊಣೆ!

ಕನ್ನಡದ ಮುಸ್ಲಿಂ ಬರಹ ಹೇಳುವುದೇನು?

ಮನೆಮಾತು ಅಡ್ಡಿಯಲ್ಲ ಎಂಬುದಕ್ಕೆ ನಮ್ಮಲ್ಲೇ ಇರುವ ಸಾಕ್ಷಿಯನ್ನು ನಾವು ಗಮನಿಸಿಲ್ಲ. ಕಳೆದ ಐವತ್ತು ವರ್ಷಗಳ ಕನ್ನಡದ ಮುಸ್ಲಿಂ ಲೇಖಕರಲ್ಲಿ ಮುಖ್ಯರಾದ ಅನೇಕರ ಮನೆಮಾತು ಕನ್ನಡವಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ, ಓದಿದ್ದು ಕನ್ನಡ. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ 'ಚಂದ್ರಗಿರಿಯ ತೀರದಲ್ಲಿ' ಮುಂದೆ ಇಂಗ್ಲಿಷಿಗೂ ಹೋಯಿತು. ಪುತ್ತೂರಿನ ಬೊಳುವಾರಿನಿಂದ ಬಂದ ಬೊಳುವಾರು ಮಹಮದ್ ಕುಂಞಿ 'ಸ್ವಾತಂತ್ರ್ಯದ ಓಟ'ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅವರ ಮುತ್ತುಪ್ಪಾಡಿಯ ಜನ ಆಡುವ ಕನ್ನಡದ ಹಿಂದೆ ಬ್ಯಾರಿಯ ಉಸಿರು ಕೇಳಿಸುತ್ತದೆ. ಅದನ್ನು ಅಳಿಸಿ ಶುದ್ಧ ಮಾಡಿದ್ದರೆ ಮುತ್ತುಪ್ಪಾಡಿಯೇ ಉಳಿಯುತ್ತಿರಲಿಲ್ಲ.

ದಖ್ಖನಿ ಆಡುವ ಮನೆಯಿಂದ ಬಂದು, ಎಂಟನೇ ವಯಸ್ಸಿಗೆ ಕನ್ನಡ ಮಾಧ್ಯಮದ ಶಾಲೆ ಸೇರಿದ ಬಾನು ಮುಷ್ತಾಕ್ ಅವರ ಕಥೆಗಳ ವಿಷಯವಂತೂ ಈಗ ಎಲ್ಲರಿಗೂ ಗೊತ್ತು. 1990ರಿಂದ 2023ರ ತನಕ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿ ಮಾಡಿದ ಅನುವಾದ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಪ್ರಶಸ್ತಿಯ ಸಂಭ್ರಮದಲ್ಲಿ ಒಂದು ಮುಖ್ಯ ಸಂಗತಿ ಹಿಂದೆ ಸರಿದಿದೆ. ಅನುವಾದಕಿ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆಯಕ್ಷರದಲ್ಲಿ ಅಚ್ಚು ಹಾಕಿಸಲಿಲ್ಲ. ಇವು ಪರಕೀಯ ಪದಗಳು ಎಂದು ಇಂಗ್ಲಿಷ್ ಓದುಗನಿಗೆ ಬೆರಳು ತೋರಿಸುವ ಆ ಪದ್ಧತಿಯನ್ನು ಅವರು ಬೇಕೆಂದೇ ಕೈಬಿಟ್ಟು, ಅದರ ಕಾರಣವನ್ನೂ ಪುಸ್ತಕದಲ್ಲಿ ಬರೆದರು. ಮನೆಯ ಪದಗಳು ಇಂಗ್ಲಿಷಿನ ನಡುವೆ ಕ್ಷಮೆ ಕೇಳದೆ ಕುಳಿತವು. ಇಂಗ್ಲಿಷಿನ ಅತಿ ದೊಡ್ಡ ವೇದಿಕೆಗಳಲ್ಲೊಂದು ಅದನ್ನು ಒಪ್ಪಿತು.

ಈ ಸಾಧನೆಯನ್ನು ಉದಾಹರಿಸಿ, ನೋಡಿ ಇಂಗ್ಲಿಷಿಗೆ ಹೋದರೆ ಮಾತ್ರ ಬೆಲೆ ಎನ್ನುವವರಿದ್ದಾರೆ. ನಾವು ಅದನ್ನು ತಿರುಗಿಸಿ ಓದಬೇಕೆನ್ನುತ್ತೇವೆ. ಇಂಗ್ಲಿಷಿಗೆ ಹೋಗಲು ಮೊದಲು ಹೋಗುವಂಥದ್ದೇನಾದರೂ ಇರಬೇಕು. ಹಾಸನದ ಮನೆಗಳ ಒಳಕೋಣೆಗಳಲ್ಲಿ ಹೆಂಗಸರು ಏನು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಬಾನು ಅವರು ಕಿವಿಗೊಟ್ಟು ಕೇಳಿದ್ದರಿಂದ ಆ ಕಥೆಗಳು ಹುಟ್ಟಿದವು. ಉಮ್ಮನ ಮಾತು ಅರ್ಥವಾಗದ, ಅಥವಾ ಅರ್ಥವಾದರೂ ಕೇಳಲು ನಾಚುವ ಮಗು ದೊಡ್ಡದಾಗಿ ಎಷ್ಟೇ ಒಳ್ಳೆಯ ಇಂಗ್ಲಿಷ್ ಬರೆದರೂ ಬರೆಯುವುದು ಯಾರ ಬಗ್ಗೆ?

ಇದರಲ್ಲೂ ಒಂದು ಎಚ್ಚರಿಕೆ ಬೇಕು. ಲೇಖಕರ ಉದಾಹರಣೆ ಕೊಟ್ಟು ಎಲ್ಲರೂ ಕನ್ನಡ ಶಾಲೆಗೆ ಹೋಗಿ ಎನ್ನುವುದು ಸುಲಭ. ಆದರೆ ಸಾರಾ ಅಥವಾ ಬಾನು ಓದಿದ ಕಾಲದ ಕನ್ನಡ ಶಾಲೆಗೆ ಊರಿನ ಎಲ್ಲ ವರ್ಗದ ಮಕ್ಕಳೂ ಬರುತ್ತಿದ್ದರು. ಡಾಕ್ಟರರ ಮಗಳ ಪಕ್ಕ ಬೀಡಿ ಕಟ್ಟುವವರ ಮಗಳು ಕೂರುತ್ತಿದ್ದಳು. ಇಂದಿನ ಕನ್ನಡ ಶಾಲೆಯಿಂದ ಆ ಡಾಕ್ಟರರ ಮಗಳು ಎದ್ದು ಹೋಗಿದ್ದಾಳೆ. ಶಾಲೆ ಬಡವರದ್ದು ಮಾತ್ರವಾದಾಗ ಅದರ ಬಗ್ಗೆ ಅಧಿಕಾರಸ್ಥರಿಗೆ ಇರುವ ಕಾಳಜಿಯೂ ಅಷ್ಟಕ್ಕಷ್ಟೇ ಆಗುತ್ತದೆ. ಮಾಧ್ಯಮದ ಪ್ರಶ್ನೆಯೊಳಗೆ ವರ್ಗದ ಪ್ರಶ್ನೆಯೂ ಇದೆ.

ಮಾಡಬಹುದಾದದ್ದು

ಬ್ಯಾರಿಗೆ 2007ರಲ್ಲಿ ಸಾಹಿತ್ಯ ಅಕಾಡೆಮಿ ಬಂತು. 'ಬ್ಯಾರಿ' ಹೆಸರಿನ ಚಲನಚಿತ್ರಕ್ಕೆ 2012ರಲ್ಲಿ ರಾಷ್ಟ್ರ ಪ್ರಶಸ್ತಿ ಬಂತು. ಇವು ಸಂತೋಷದ ಸಂಗತಿಗಳೇ. ಆದರೆ ಅಕಾಡೆಮಿಯ ಕಾರ್ಯಕ್ರಮದಲ್ಲಿ ಬ್ಯಾರಿಯ ಹಿರಿಮೆ ಕುರಿತು ಭಾಷಣ ಮಾಡಿ, ಮನೆಗೆ ಬಂದು ಮಕ್ಕಳೊಡನೆ ಅರೆಬರೆ ಇಂಗ್ಲಿಷಿನಲ್ಲಿ ಮಾತಾಡಿದರೆ ಭಾಷೆ ಉಳಿಯುವುದು ಶಾಲು ಹೊದಿಸುವ ಫೋಟೋದಲ್ಲಿ ಮಾತ್ರ. ಲಿಪಿ, ಅಕಾಡೆಮಿ, ಪ್ರಶಸ್ತಿ ಇವೆಲ್ಲ ಭಾಷೆಗೆ ಮರ್ಯಾದೆ ತರುತ್ತವೆ. ಅದಕ್ಕೆ ಜೀವ ಬರುವುದು ಮಕ್ಕಳು ಅದರಲ್ಲಿ ಜಗಳವಾಡಿದಾಗ.

ಜಮಾಅತ್‌ಗಳು, ಟ್ರಸ್ಟುಗಳು ನಡೆಸುವ ಇಂಗ್ಲಿಷ್ ಶಾಲೆಗಳು ಒಂದು ಕೆಲಸವನ್ನು ನಾಳೆಯೇ ಮಾಡಬಹುದು. ಶಾಲೆಯ ಆವರಣದಲ್ಲಿ ಕನ್ನಡ, ತುಳು, ಬ್ಯಾರಿ ಮಾತಾಡಿದರೆ ದಂಡ ಹಾಕುವ ನಿಯಮ ಎಲ್ಲೆಲ್ಲಿ ಇದೆಯೋ ಅಲ್ಲಿ ಅದನ್ನು ತೆಗೆದುಹಾಕಲಿ. ದಂಡಕ್ಕೆ ಹೆದರಿ ಮಗು ಇಂಗ್ಲಿಷ್ ಮಾತಾಡುವುದಿಲ್ಲ, ಸುಮ್ಮನಾಗುತ್ತದೆ. ಆ ಹಣವನ್ನು ವಸೂಲಿ ಮಾಡುವ ಶ್ರಮವನ್ನು ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಕೊಡಿಸುವುದರಲ್ಲಿ, ಓದುವ ಪುಸ್ತಕಗಳನ್ನು ತರಿಸುವುದರಲ್ಲಿ ಹಾಕಲಿ. ಮೊದಲೆರಡು ತರಗತಿಗಳ ಶಿಕ್ಷಕಿಯರಿಗೆ ಮಕ್ಕಳ ಮನೆಮಾತು ತಿಳಿದಿರುವಂತೆ ನೋಡಿಕೊಳ್ಳುವುದು ಕರಾವಳಿಯಲ್ಲಿ ಕಷ್ಟದ ಕೆಲಸವಲ್ಲ.

ತಾಯಂದಿರಿಗೆ ನಾವು ಹೇಳಬೇಕಾದ ಮಾತು ಬೇರೆಯೇ ಇದೆ. ನಿಮಗೆ ಇಂಗ್ಲಿಷ್ ಕಲಿಯುವ ಆಸೆಯಿದ್ದರೆ ನಿಮಗಾಗಿಯೇ ಕಲಿಯಿರಿ. ಅದಕ್ಕೆ ತರಗತಿ ನಡೆಸುವುದು ಸಮುದಾಯದ ಹೊಣೆ. ಆದರೆ ಮಗುವಿನೊಂದಿಗೆ ನಿಮಗೆ ಅತ್ಯಂತ ಚೆನ್ನಾಗಿ ಬರುವ ಭಾಷೆಯಲ್ಲೇ ಮಾತಾಡಿ, ಹೆಚ್ಚು ಮಾತಾಡಿ.

ಕೊನೆಯದಾಗಿ, ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಗಣತಿ ನಡೆಸುವ ಅಧಿಸೂಚನೆ 2025ರ ಜೂನ್‌ನಲ್ಲಿ ಹೊರಟಿತು. ಹಿಂದಿನ ಗಣತಿಗಳಲ್ಲಿ ದೇಶದಾದ್ಯಂತ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನ ಆಡುವ ಮಾತೃಭಾಷೆಗಳನ್ನು ಪಟ್ಟಿಯಲ್ಲಿ ತೋರಿಸುವ ಪದ್ಧತಿಯಿತ್ತು. ಬ್ಯಾರಿಗೆ, ನವಾಯತಿಗೆ, ದಖ್ಖನಿಗೆ ಹತ್ತು ಸಾವಿರ ದೊಡ್ಡ ಸಂಖ್ಯೆಯಲ್ಲ. ಹಿಂದಿನಂತೆ ಮಾತೃಭಾಷೆಯ ಪ್ರಶ್ನೆ ಬಂದಾಗ ಉರ್ದು ಎಂದರೆ ಗೌರವ, ಮಲಯಾಳಂ ಎಂದರೆ ಸುಲಭ, ಕನ್ನಡ ಎಂದರೆ ಕ್ಷೇಮ ಎಂದೆಲ್ಲ ಲೆಕ್ಕ ಹಾಕದೆ, ತಾಯಿ ಆಡಿದ ಮಾತಿನ ಹೆಸರನ್ನೇ ಬರೆಸೋಣ. ಗಣತಿಯ ಅಧಿಕಾರಿಗಳು ಅದನ್ನು ಯಾವ ಭಾಷೆಯ ಕೆಳಗೆ ಸೇರಿಸುತ್ತಾರೆ ಎಂಬುದು ಆಮೇಲಿನ ಹೋರಾಟ. ನಾವೇ ಹೆಸರು ಹೇಳದಿದ್ದರೆ ಆ ಹೋರಾಟಕ್ಕೆ ಕೈಯಲ್ಲಿ ಕಾಗದವೇ ಇರುವುದಿಲ್ಲ. ಕನ್ನಡ, ಇಂಗ್ಲಿಷ್ ಎರಡನ್ನೂ ತಿಳಿದ ಭಾಷೆಗಳ ಸಾಲಿನಲ್ಲಿ ಧಾರಾಳವಾಗಿ ಬರೆಸಬಹುದು. ಅಲ್ಲಿ ಎರಡಕ್ಕೆ ಜಾಗ ಇದ್ದೇ ಇದೆ.